ಹಾಲಿನ ವಾಹನದ ಟರ್ಬೊ: ಕೆಡುವ ಮುನ್ನವೇ ಕಾಪಾಡಿಕೊಳ್ಳಿ



ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ ಹೊರಟ ಕ್ಯಾನ್ ವಾಹನ ನಡುದಾರಿಯಲ್ಲಿ ನಿಂತರೆ ಏನಾಗುತ್ತದೆಂಬುದು ನಿಮಗೆ ತಿಳಿದೇ ಇದೆ. ಬಿಸಿಲೇರುವಷ್ಟರಲ್ಲಿ ಹಾಲು ಹುಳಿಯಾಗುತ್ತದೆ, ನಷ್ಟ ಎಲ್ಲರಿಗೂ. ಈಗಿನ ಡೀಸೆಲ್ ಪಿಕಪ್, ಲಾರಿ ಹಾಗೂ ಹಲವು ಟ್ರ್ಯಾಕ್ಟರ್‌ಗಳಲ್ಲಿ ಟರ್ಬೊಚಾರ್ಜರ್ ಇರುತ್ತದೆ. ಇದು ದುಬಾರಿ ಭಾಗ, ಆದರೆ ತಾನಾಗಿ ಕೆಡುವುದು ಕಡಿಮೆ. ಆಯಿಲ್ ಕೊರತೆ, ಕೊಳೆ ಆಯಿಲ್ ಮತ್ತು ಗಾಳಿಯೊಡನೆ ಒಳಹೋಗುವ ಧೂಳು ಅದನ್ನು ಕೆಡಿಸುತ್ತವೆ.

ಟರ್ಬೊ ಕೆಲಸ ಮಾಡುವ ಬಗೆ

ಇಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಡೀಸೆಲ್ ಉರಿದು ಎಳೆಯುವ ಶಕ್ತಿ ಹೆಚ್ಚುತ್ತದೆ. ಈ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಸಾಮಾನ್ಯವಾಗಿ ಅದಕ್ಕೆ ಆಧಾರ ತೆಳುವಾದ ಆಯಿಲ್ ಪದರ ಮಾತ್ರ. ಕೆಲವೇ ಸೆಕೆಂಡು ಆಯಿಲ್ ತಪ್ಪಿದರೂ ಬೇರಿಂಗ್‌ಗೆ ಹಾನಿಯಾಗುತ್ತದೆ.

ಪಾಲಿಸಬೇಕಾದ ಕ್ರಮಗಳು

1. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿಯಬೇಡಿ. ಆಯಿಲ್ ಟರ್ಬೊ ತಲುಪಲು ಅರ್ಧದಿಂದ 1 ನಿಮಿಷ ನಿಧಾನಗತಿಯಲ್ಲಿ ಓಡಲಿ.

2. ಭಾರ ಹೊತ್ತು ಏರು ಹತ್ತಿ ಬಂದೊಡನೆ ಇಂಜಿನ್ ಆರಿಸಬೇಡಿ. 2-3 ನಿಮಿಷ ನಿಧಾನಗತಿಯಲ್ಲಿ ಬಿಡಿ. ಇಲ್ಲದಿದ್ದರೆ ಕಾದ ಟರ್ಬೊದೊಳಗೆ ನಿಂತ ಆಯಿಲ್, ತಳ ಹಿಡಿದ ಹಾಲಿನಂತೆ ಸೀದು ಕರಿ ಕಟ್ಟಿ ಆಯಿಲ್‌ನ ದಾರಿಯನ್ನೇ ಮುಚ್ಚುತ್ತದೆ.

3. ದಿನವೂ ಆಯಿಲ್ ಮಟ್ಟ ನೋಡಿ. ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ. ಅವಧಿ ಮೀರುವ ಮೊದಲು ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ.

4. ಮಣ್ಣು ರಸ್ತೆಯಲ್ಲಿ ಓಡುವ ವಾಹನದ ಏರ್ ಫಿಲ್ಟರನ್ನು ಆಗಾಗ ಪರೀಕ್ಷಿಸಿ. ಗಾಳಿಯ ಹೋಸ್ ಬಿರಿದಿದೆಯೇ, ಕ್ಲಿಪ್ ಸಡಿಲವಾಗಿದೆಯೇ ನೋಡಿ.

ಎಚ್ಚರಿಕೆಯ ಲಕ್ಷಣಗಳು

ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಳೆತ ಕುಗ್ಗಿ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್, ಹೋಸ್ ನೋಡಿ. ಎಷ್ಟೋ ಸಲ ದೋಷ ಅಲ್ಲಿಯೇ ಇರುತ್ತದೆ. ಹಿಂದಿಲ್ಲದ ಜೋರು ಶಿಳ್ಳೆ ಅಥವಾ ಉಜ್ಜುವ ಸದ್ದು ಕೇಳಿದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಕೆಟ್ಟ ಕಾರಣ ತಿಳಿಯದೆ ಟರ್ಬೊ ಮಾತ್ರ ಬದಲಿಸಿದರೆ ಹೊಸದೂ ಬೇಗನೆ ಕೆಡುತ್ತದೆ. ಆಯಿಲ್ ಪೈಪ್ ಶುಚಿಗೊಳಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಸ್ಟಾರ್ಟ್ ಮಾಡುವ ಮುನ್ನ ಹೊಸ ಟರ್ಬೊದೊಳಗೆ ಶುದ್ಧ ಆಯಿಲ್ ಹಾಕಿಸಿ.

ಕೆಚ್ಚಲು ತೊಳೆದು ಹಾಲು ಕರೆಯುವುದು ನಮಗೆ ರೂಢಿಯಾಗಿದೆ. ಇಂಜಿನ್ ಆರಿಸುವ ಮುನ್ನ 2 ನಿಮಿಷ ಕಾಯುವುದೂ ಹಾಗೆಯೇ ರೂಢಿಯಾಗಲಿ.