ಚಹಾಕ್ಕೆ ಬೆಲ್ಲವೋ, ಶುಗರ್ ಫ್ರೀ ಮಾತ್ರೆಯೋ?

ಪ್ರಶ್ನೆ: ತೂಕ ಇಳಿಸಬೇಕೆಂದಿದ್ದೇನೆ. ಆದರೆ ದಿನಕ್ಕೆ ನಾಲ್ಕು ಲೋಟ ಚಹಾ ಬೇಕೇ ಬೇಕು. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳಲೇ ಅಥವಾ ಶುಗರ್ ಫ್ರೀ ಮಾತ್ರೆ ಹಾಕಿಕೊಳ್ಳಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಚಹಾ ಕುಡಿಯುತ್ತಲೇ ತೂಕ ಇಳಿಸಬಹುದೇ, ಹಾಗಾದರೆ ಸಿಹಿಗೆ ಏನು ಮಾಡಬೇಕು ಎಂಬುದು ನಿಮ್ಮ ಸಂದೇಹ. ಚಹಾ ಬಿಡಬೇಕಾಗಿಲ್ಲ. ಹಾಲು, ಸಕ್ಕರೆ ಸೇರದ ಬರೀ ಡಿಕಾಕ್ಷನ್‌ನಲ್ಲಿ ಲೋಟಕ್ಕೆ ಒಂದೆರಡು ಕ್ಯಾಲೊರಿ ಇದ್ದರೆ ಹೆಚ್ಚು. ಲೆಕ್ಕ ಶುರುವಾಗುವುದು ನಾವು ಬೆರೆಸುವುದರಿಂದ.

ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ 40 ಗ್ರಾಂ, 160 ಕ್ಯಾಲೊರಿ ಆಯಿತು. ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಹೆಚ್ಚು ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲನ್ನೂ ಮರೆಯಬೇಡಿ: 3% ಕೊಬ್ಬಿನ ಟೋನ್ಡ್ ಹಾಲು 100 ಮಿ.ಲೀ.ಗೆ ಸುಮಾರು 60 ಕ್ಯಾಲೊರಿ, 6% ಕೊಬ್ಬಿನ ಗಟ್ಟಿ ಹಾಲಾದರೆ 85ಕ್ಕೂ ಮೇಲೆ.

ಈಗ ಬೆಲ್ಲದ ಮಾತು. ಇಲ್ಲಿ ಗೊಂದಲ ಆಗುವುದು ಸಹಜ, ಏಕೆಂದರೆ ‘ಬೆಲ್ಲ ಒಳ್ಳೆಯದು’ ಎಂದು ಕೇಳಿಕೊಂಡೇ ಬೆಳೆದವರು ನಾವು. ಆದರೆ 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ, ಅಷ್ಟೇ ಬೆಲ್ಲದಲ್ಲಿ 380ರ ಆಸುಪಾಸು. ತೂಕದ ದೃಷ್ಟಿಯಿಂದ ಹೆಚ್ಚೇನೂ ವ್ಯತ್ಯಾಸವಿಲ್ಲ. ಬೆಲ್ಲದ ಸಿಹಿ ಸ್ವಲ್ಪ ಕಡಿಮೆಯಾದ್ದರಿಂದ ಕೈ ಇನ್ನೊಂದು ಚೂರು ಹೆಚ್ಚೇ ಹಾಕಿಬಿಡುತ್ತದೆ. ಬೆಲ್ಲದಲ್ಲಿ ಕಬ್ಬಿಣಾಂಶ ಇದೆಯಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ಇದೆ, ನಿಜ. ಆದರೆ ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಒಗರು ಪದಾರ್ಥಗಳು ಚಹಾದಲ್ಲೇ ಇವೆ. ಚಹಾದೊಳಗೆ ಹಾಕಿದ ಬೆಲ್ಲದಿಂದ ರಕ್ತ ಹೆಚ್ಚುತ್ತದೆಂದು ನಂಬಿ ಕೂರಬೇಡಿ. ಜೇನುತುಪ್ಪಕ್ಕೂ ಹೆಚ್ಚು ಕಡಿಮೆ ಇದೇ ಮಾತು: ಅದರ ಒಂದು ಚಮಚದಲ್ಲೂ 20 ಕ್ಯಾಲೊರಿಗೆ ಕಡಿಮೆಯಿಲ್ಲ.

ಮಾತ್ರೆಗಳ ವಿಷಯ ಬೇರೆ. ಅವುಗಳಲ್ಲಿರುವ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ತೀರಾ ಅಲ್ಪ ಪ್ರಮಾಣ ಸಾಕಾಗುವುದರಿಂದ ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಆದರೂ ತೂಕ ನಿಯಂತ್ರಣಕ್ಕಾಗಿ ಇವುಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಬಹುಕಾಲ ಬಳಸಿದರೆ ಕೊಬ್ಬು ಕರಗುತ್ತದೆ ಎನ್ನಲು ಆಧಾರ ಸಿಗದಿದ್ದುದು ಅದಕ್ಕೆ ಒಂದು ಕಾರಣ. ಹಾಗೆಂದು ಒಂದು ಮಾತ್ರೆ ವಿಷವೇನಲ್ಲ. ಹಾಕುವುದಾದರೆ ಚಹಾ ಸೋಸಿದ ಮೇಲೆ ಹಾಕಿ. ಆಸ್ಪರ್ಟೇಮ್ ಕುದಿಸಿದಷ್ಟೂ ಸಿಹಿ ಕಳೆದುಕೊಳ್ಳುತ್ತದೆ.

ನನ್ನ ಸಲಹೆ ಕೇಳಿದರೆ, ಸಿಹಿಯನ್ನು ಬದಲಿಸುವುದಕ್ಕಿಂತ ಇಳಿಸುವುದು ಮೇಲು. ಒಂದೇ ಸಲಕ್ಕೆ ಬೇಡ, ನಾಲಿಗೆ ಒಪ್ಪುವುದಿಲ್ಲ. ಎರಡು ಚಮಚವನ್ನು ಒಂದೂವರೆ ಮಾಡಿ, ಅದು ರೂಢಿಯಾದ ಮೇಲೆ ಒಂದಕ್ಕೆ ತನ್ನಿ. ಶುಂಠಿ, ಏಲಕ್ಕಿ ಜಜ್ಜಿ ಹಾಕಿದರೆ ಕೊರತೆ ಅಷ್ಟಾಗಿ ಕಾಡದು. ಜೊತೆಗೆ ತಿನ್ನುವ ಬಿಸ್ಕತ್ತು, ರಸ್ಕಿನ ಮೇಲೂ ಕಣ್ಣಿರಲಿ. ಲೋಟದ ಸಕ್ಕರೆಯನ್ನು ಮೀರಿಸುವಷ್ಟು ಕ್ಯಾಲೊರಿ ಎಷ್ಟೋ ಸಲ ಅಲ್ಲೇ ಇರುತ್ತದೆ.

ನಿಮಗೆ ಮಧುಮೇಹವಿದ್ದರೆ ಆ 2023ರ ಸಲಹೆ ಅನ್ವಯಿಸುವುದಿಲ್ಲ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ.