ಮೊದಲು ಯಾರಿಗೆ ಹೇಳಬೇಕು?

ನಮ್ಮ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ‘ಸಂಘಟನೆ’ ಎಂಬ ಪಾಠವಿದೆ. ಅದರಲ್ಲಿ ನಾಲ್ಕು ಹಂತಗಳು: ಕೆಲಸವನ್ನು ಗುರುತಿಸಿ ವಿಂಗಡಿಸುವುದು, ಒಂದೇ ಬಗೆಯ ಕೆಲಸಗಳನ್ನು ಒಂದು ವಿಭಾಗಕ್ಕೆ ಸೇರಿಸುವುದು, ಹೊಣೆ ವಹಿಸುವುದು, ಯಾರು ಯಾರಿಗೆ ವರದಿ ಮಾಡಬೇಕೆಂದು ಗೊತ್ತುಮಾಡುವುದು. ಇದು ಕಂಪನಿಗಳಿಗೆ ಮಾತ್ರ ಎಂದುಕೊಂಡಿದ್ದೆ. ಸ್ಪೇನ್ ದೇಶದ ಒಂದು ಊರಿನ ತಾಯಂದಿರ ವಿಷಯ ಓದಿದ ಮೇಲೆ ಹಾಗಲ್ಲ ಎಂದು ತಿಳಿಯಿತು.

ಆ ಊರು ಅಲ್ಮೆಂದ್ರಲೇಹೊ. ಜನಸಂಖ್ಯೆ ಸುಮಾರು 30,000. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶಾಲಾ ಹುಡುಗಿಯರ ನಕಲಿ ಅಶ್ಲೀಲ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಸುದ್ದಿ ಹೊರಬಂತು. ಹುಡುಗಿಯರು ಅಂಥ ಚಿತ್ರ ತೆಗೆಸಿಕೊಂಡಿರಲೇ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿದ್ದ ಅವರ ಸಾಮಾನ್ಯ ಫೋಟೊಗಳನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ ಬದಲಾಯಿಸಲಾಗಿತ್ತು. ಮಾಡಿದವರು ದೂರದ ಕಳ್ಳರಲ್ಲ, ಅದೇ ಊರಿನ ಹುಡುಗರು.

ಮಿರಿಯಂ ಅಲ್ ಅದೀಬ್ ಎಂಬವರು ಆ ಊರಿನ ಸ್ತ್ರೀರೋಗ ತಜ್ಞೆ. ಅವರ ಮಗಳ ಫೋಟೊವನ್ನೂ ಹೀಗೆ ಮಾಡಿದ್ದರು. ಮಗಳು ತೋರಿಸಿದಾಗ ಅವರು ಮುಚ್ಚಿಡಲಿಲ್ಲ. ಒಂದು ವಿಡಿಯೊದಲ್ಲಿ ಊರಿನ ಹುಡುಗಿಯರಿಗೆ, ದೂರು ಕೊಡಲು ಹೆದರಬೇಡಿ, ನಿಮ್ಮ ತಾಯಂದಿರಿಗೆ ಹೇಳಿ ಎಂದರು. 28 ಹುಡುಗಿಯರ ಪೋಷಕರು ಸೇರಿ ಒಂದು ಬೆಂಬಲ ಗುಂಪು ಕಟ್ಟಿದರು. ಪೊಲೀಸರು ತನಿಖೆ ಮಾಡಿದರು. 2024ರಲ್ಲಿ ಮಕ್ಕಳ ನ್ಯಾಯಾಲಯವು 15 ಮಂದಿ ಅಪ್ರಾಪ್ತರು ತಪ್ಪಿತಸ್ಥರೆಂದು ಹೇಳಿ, ಒಂದು ವರ್ಷ ಮೇಲ್ವಿಚಾರಣೆಯಲ್ಲಿಟ್ಟಿತು. ಸಮಾನತೆ ಮತ್ತು ತಂತ್ರಜ್ಞಾನದ ಸರಿಯಾದ ಬಳಕೆಯ ತರಗತಿಗಳಿಗೂ ಹೋಗಬೇಕೆಂದು ಆದೇಶಿಸಿತು.

ಪುಸ್ತಕದಲ್ಲಿ ವರದಿ ಮಾಡುವ ಹಂತ ಕೊನೆಯದು. ಅಲ್ಮೆಂದ್ರಲೇಹೊದಲ್ಲಿ ಅದೇ ಮೊದಲು ಬಂತು. ಮಗಳು ತಾಯಿಗೆ ಹೇಳಿದ್ದರಿಂದಲೇ ಉಳಿದದ್ದೆಲ್ಲ ಸಾಧ್ಯವಾಯಿತು.

ನಮ್ಮ ಮನೆಗಳಲ್ಲಿ ಹೇಳುತ್ತೇವೆಯೇ? ಈ ಸಂಗತಿಯನ್ನು ಅಮ್ಮಿಗೆ ಉರ್ದುವಿನಲ್ಲಿ ವಿವರಿಸಿ, ನನಗೆ ಹೀಗಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಮೊದಲು ಫೋನ್ ಕಿತ್ತಿಟ್ಟುಕೊಳ್ತೀನಿ” ಎಂದರು. “ಹಾಗಾದರೆ ನಾನು ಹೇಳೋದೇ ಇಲ್ಲ ಅಮ್ಮಿ” ಎಂದೆ. ಫೋನ್ ಹೋದರೆ ಹೋಗಲಿ, ಇಜ್ಜತ್ ಎಂದು ಕಾಲೇಜನ್ನೇ ಬಿಡಿಸಿದರೆ ಎಂಬ ಭಯ ನನಗಿದೆ. ನನ್ನ ಗೆಳತಿಯರಿಗೂ ಇದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ನನಗೆ ಹೇಳು. ಅಬ್ಬಾಗೆ ನಾನು ಹೇಳ್ತೀನಿ” ಎಂದರು.

ನಮ್ಮ ಕಾಲೇಜಿನ ಪೋಷಕರೂ ಒಂದು ಗುಂಪು ಕಟ್ಟಬಹುದು. ಪಾಠದ ಹಂತಗಳನ್ನು ಹೀಗೆ ಅನ್ವಯಿಸಬಹುದು:

1. ಕೆಲಸಗಳನ್ನು ಗುರುತಿಸುವುದು: ಮಕ್ಕಳು ಬಳಸುವ ಆ್ಯಪ್‌ಗಳನ್ನು ತಿಳಿಯುವುದು, ಇತರ ಪೋಷಕರಿಗೆ ತಿಳಿಸುವುದು, ದೂರಿಗೆ ನೆರವಾಗುವುದು.

2. ವಿಭಾಗ ಮಾಡುವುದು: ತಿಳಿಸುವವರು ಒಂದು ಕಡೆ, ದೂರಿಗೆ ನೆರವಾಗುವವರು ಇನ್ನೊಂದು ಕಡೆ. ವಿವರಣೆ ಕನ್ನಡ, ಉರ್ದು ಎರಡರಲ್ಲೂ ಇರಲಿ.

3. ಹೊಣೆ ವಹಿಸುವುದು: ಹುಡುಗರ ಪೋಷಕರೂ ಹೊಣೆ ಹೊರಲಿ. ತಪ್ಪು ಮಾಡುವ ಮೊದಲೇ ಮಗನಿಗೆ ಬುದ್ಧಿ ಹೇಳುವುದು ಅವರ ಕೆಲಸ.

4. ವರದಿ: ಹೇಳಿಕೊಂಡ ಮಗುವಿಗೆ ಶಿಕ್ಷೆ ಇಲ್ಲ. ಫೋನ್ ಕಸಿಯಬಾರದು, ಓದು ನಿಲ್ಲಿಸಬಾರದು.

ಸಹಪಾಠಿಗಳೇ, ಇವಿಷ್ಟು ನೆನಪಿರಲಿ. ಅಂಥ ಚಿತ್ರ ಬಂದರೆ ಯಾರಿಗೂ ಕಳಿಸಬೇಡಿ. ಕಳಿಸಿದ ಖಾತೆಯ ಹೆಸರು, ದಿನಾಂಕ, ಗುಂಪಿನ ಹೆಸರು ಬರೆದಿಟ್ಟುಕೊಳ್ಳಿ. 18 ವರ್ಷದೊಳಗಿನವರನ್ನು ಅಶ್ಲೀಲವಾಗಿ ತೋರಿಸುವ ಚಿತ್ರ ತಯಾರಿಸುವುದೂ ಹಂಚುವುದೂ ಐಟಿ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರು, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತಿನ ಜೊತೆಗೆ ಈ ವಿಷಯಕ್ಕೂ ಹತ್ತು ನಿಮಿಷ ಕೊಡಬೇಕೆಂದು ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ. ಅಮ್ಮಿ ಬರುತ್ತೇನೆ ಎಂದಿದ್ದಾರೆ.