ಟೀ-ಶರ್ಟ್ ತೊಟ್ಟ ಪೊಲೀಸರಿಗೆ ಕಟ್ಟಿದ ದಂಡ

ಪ್ರಶ್ನೆ: ನಾನು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕಾರ್ಮಿಕ. ಶನಿವಾರ ಸೆಕೆಂಡ್ ಶಿಫ್ಟ್ ಮುಗಿಸಿ ಸರ್ವಿಸ್ ರಸ್ತೆಯಲ್ಲಿ ರೂಮಿಗೆ ಹೊರಟಿದ್ದೆ. ಟೀ-ಶರ್ಟ್ ಹಾಕಿದ್ದ ಒಬ್ಬರು ಅಡ್ಡಗಟ್ಟಿ, ‘ನಾನು ಪೊಲೀಸ್, ಡ್ಯೂಟಿ ಮುಗಿಸಿ ಮನೆಗೆ ಹೋಗ್ತಿದ್ದೀನಿ’ ಎಂದು ಕಾರ್ಡ್ ತೋರಿಸಿ ಬೈಕಿನ ಕೀ ಕಿತ್ತುಕೊಂಡರು. ನನ್ನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಅವರ ನಂಬರಿಗೇ 500 ರೂಪಾಯಿ ಹಾಕಿಸಿಕೊಂಡರು. ರಸೀದಿ ಇಲ್ಲ. ಈ ದಂಡ ಕಾನೂನುಬದ್ಧವೇ? ದೂರು ಕೊಟ್ಟರೆ ಕೆಲಸಕ್ಕೆ ಕುತ್ತು ಬರುತ್ತದೆಯೇ?

ಉತ್ತರ: ಡ್ಯೂಟಿ ಮುಗಿದಿತ್ತು ಎಂಬ ಒಂದೇ ಕಾರಣಕ್ಕೆ ದಂಡ ಬಿದ್ದುಹೋಗುವುದಿಲ್ಲ. ಪೊಲೀಸರು ಸದಾ ಕರ್ತವ್ಯದಲ್ಲಿರುವವರೆಂದೇ 1861ರ ಪೊಲೀಸ್ ಕಾಯ್ದೆಯ ಕಾಲದಿಂದ ಕಾನೂನು ಎಣಿಸುತ್ತ ಬಂದಿದೆ. ನಿಮ್ಮ ಪ್ರಕರಣದಲ್ಲಿ ನೋಡಬೇಕಾದದ್ದು ಗಡಿಯಾರವನ್ನಲ್ಲ. ಸಮವಸ್ತ್ರ, ದರ್ಜೆ, ರಸೀದಿ ಈ ಮೂರನ್ನು.

ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ 200ನೇ ಸೆಕ್ಷನ್ನಿನಲ್ಲಿದೆ, ಅದೂ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದರ್ಜೆಯವರಿಗೆ ಮಾತ್ರ. ಹಾಗೆ ಕಟ್ಟಲು ನೀವು ಒಪ್ಪಲೇಬೇಕೆಂದಿಲ್ಲ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ ಎನ್ನಬಹುದು. ಹೆಲ್ಮೆಟ್ ಇಲ್ಲದ್ದಕ್ಕೆ ಕೀ ಕಿತ್ತುಕೊಳ್ಳಿ ಎಂದಂತೂ ಕಾಯ್ದೆ ಎಲ್ಲೂ ಹೇಳಿಲ್ಲ. ಮಫ್ತಿಯಲ್ಲಿದ್ದವರು ನಿಮ್ಮ ಬೈಕಿನ ಫೋಟೊ ತೆಗೆದು ಠಾಣೆಗೆ ಕೊಟ್ಟಿದ್ದರೆ, ಅಲ್ಲಿಂದ ಬರುವ ನೋಟಿಸನ್ನು ತಳ್ಳಿಹಾಕುವುದು ಕಷ್ಟವಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಹೆಲ್ಮೆಟ್ ಇಲ್ಲದ್ದು ನಿಮ್ಮ ತಪ್ಪೇ. ರಾಜ್ಯದಲ್ಲಿ ಅದಕ್ಕೆ ದಂಡವೂ 500 ರೂಪಾಯಿಯೇ. ಮೊತ್ತ ಸರಿಹೊಂದಿದ್ದರಿಂದಲೇ ನೀವು ನಂಬಿದಿರಿ. ಆದರೆ ಸರ್ಕಾರದ ದಂಡ ಯಾರದೋ ಸ್ವಂತ ಖಾತೆಗೆ ಹೋಗುವುದಿಲ್ಲ. ಮೊದಲು ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಬಿಡದಿ ಠಾಣೆಯಲ್ಲೂ ವಿಚಾರಿಸಿ. ಎಲ್ಲೂ ದಾಖಲಾಗಿಲ್ಲವೆಂದರೆ ನೀವು ಕೊಟ್ಟದ್ದು ಲಂಚ. ಕಾರ್ಡೇ ನಕಲಿಯಾಗಿದ್ದರೆ ವಂಚನೆ. ಅದಕ್ಕೆ ಠಾಣೆಯಲ್ಲೇ ದೂರು.

ಒಂದು ವಿಷಯದಲ್ಲಿ ತಡಮಾಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳು. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ. ಶನಿವಾರದಿಂದ ಲೆಕ್ಕ ಹಾಕಿ. ರಾಮನಗರದ ಎಸ್‌ಪಿ ಕಚೇರಿಗೋ ಲೋಕಾಯುಕ್ತ ಪೊಲೀಸರಿಗೋ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಹೋದ ಸ್ಕ್ರೀನ್‌ಶಾಟ್, ಸಮಯ, ಸ್ಥಳ, ಕಾರ್ಡಿನಲ್ಲಿ ಕಂಡ ಹೆಸರು ಇದ್ದರೆ ಸಾಕು.

ಕೆಲಸದ ಚಿಂತೆ ಬಿಡಿ. ನಿಮ್ಮ ಗುತ್ತಿಗೆದಾರರಿಗೆ ಇದನ್ನು ತಿಳಿಸಬೇಕಾದ ಕಟ್ಟುಪಾಡಿಲ್ಲ. ಹೆಲ್ಮೆಟ್ ದಂಡ ಯಾರನ್ನೂ ಕ್ರಿಮಿನಲ್ ಮಾಡುವುದಿಲ್ಲ. ದೂರಿನಲ್ಲಿ ಹೆಲ್ಮೆಟ್ ಇರಲಿಲ್ಲವೆಂಬುದನ್ನು ಮುಚ್ಚಿಡಬೇಡಿ, ಅದರ ದಂಡ ಕೇಳಿದರೆ ರಸೀದಿ ಪಡೆದು ಕಟ್ಟಿಬಿಡಿ.